ನಾಲ್ಕು ಹೆಜ್ಜೆ ಪೂರ್ವಕ್ಕೆ, ಎರಡು ಉತ್ತರಕ್ಕೆ

ಕೆರೂರಿನ ಲೈನ್‌ಮನ್ ಸುಭಾನಸಾಬರಿಗೆ ಐವತ್ತೆಂಟು ವರ್ಷ. ಅವರ ಜೇಬಿನಲ್ಲಿ ಟೆಸ್ಟರ್ ಜೊತೆಗೆ ಒಂದು ಸುರುಳಿ ಹುರಿ ಸದಾ ಇರುತ್ತದೆ. ಅದು ಯಾತಕ್ಕೆ ಎಂದು ಅದೇ ಊರಿನ ಅಬೇದಾ ಅವರನ್ನು ಕೇಳಬೇಕು.

ಕಳೆದ ವರ್ಷ ಅಬೇದಾ ಅವರ ಓಣಿಯ ತಿರುವಿನಲ್ಲಿ ಹೊಸ ವಿದ್ಯುತ್ ಕಂಬ ನಿಂತಿತು. ಪೂರ್ವದಿಂದ ಬಂದ ನಾಲ್ಕು ತಂತಿ ಅಲ್ಲಿಗೆ ಮುಗಿಯಬೇಕು. ಅಲ್ಲಿಂದ ಎರಡು ತಂತಿ ಉತ್ತರಕ್ಕೆ ಹೋಗಬೇಕು. ಆ ಎಳೆತಕ್ಕೆ ಕಂಬ ವಾಲದಂತೆ ಹಿಂದಿನಿಂದ ನೆಲಕ್ಕೆ ಬಿಗಿಯುವ ಓರೆ ತಂತಿಗೆ ಸ್ಟೇ ಎನ್ನುತ್ತಾರೆ. ಗುತ್ತಿಗೆದಾರನ ಮೇಸ್ತ್ರಿ ಕಲ್ಲೇಶ ಎರಡೂ ಲೈನುಗಳ ನಟ್ಟನಡುವೆ ಕಣ್ಣಳತೆ ಹಿಡಿದು, ಅದಕ್ಕೆ ಎದುರು ದಿಕ್ಕಿನಲ್ಲಿ ಸ್ಟೇಗೆ ಗುರುತು ಹಾಕಿದ. ಅದು ಬಿದ್ದದ್ದು ಅಬೇದಾ ಅವರ ಬಾಗಿಲಿನ ಮುಂದೆ. ಮನೆಗೆ ಇರುವುದು ಅದೊಂದೇ ಬಾಗಿಲು. ಗಂಡ ರಾಜಮಹ್ಮದ ಹೊರಗೆ ಬರುವುದು ಮೂರು ಗಾಲಿಯ ಸೈಕಲ್ಲಿನಲ್ಲಿ.

“ಒಂದೀಟು ಸರಸ್ರಿ ಅಣ್ಣಾರ,” ಎಂದರು ಅಬೇದಾ.

“ಹಂಗ ಮನಸಿಗೆ ಬಂದಲ್ಲಿ ಸರಸಾಕ ಬರಂಗಿಲ್ರಿ ಅಕ್ಕಾರ. ನಾಳಿ ಕಂಬ ವಾಲಿದ್ರ ಯಾರನ್ನ ಕೇಳ್ತೀರಿ?” ಎಂದ ಕಲ್ಲೇಶ.

ಅಷ್ಟರಲ್ಲಿ ಸುಭಾನಸಾಬ ಬಂದರು. “ಲೇ ಕಲ್ಲೇಶ, ನಾಕು ತಂತಿ, ಎರಡು ತಂತಿ, ಎರಡೂ ಕಡಿ ಒಂದ ಸಮ ಜಗ್ತಾವೇನು?”

“ಇಲ್ಲ ಕಾಕಾ. ಆದ್ರ ಒಟ್ಟು ಆರು ತಂತಿ ಭಾರ ಅಲ್ಲೇನು?”

“ಆರಲ್ಲೋ. ನೋಡ ಬಾ.”

ಕಂಬದ ಬುಡದಿಂದ ಅವರು ತಂತಿಗೊಂದರಂತೆ ಪೂರ್ವಕ್ಕೆ ನಾಲ್ಕು ಹೆಜ್ಜೆ ನಡೆದರು. ಅಲ್ಲಿಂದ ಉತ್ತರಕ್ಕೆ ಎರಡು. ನಿಂತಲ್ಲಿ ಕೋಲು ಊರಿ, ನೇರವಾಗಿ ಕಂಬಕ್ಕೆ ಮರಳಿದರು. ನಾಲ್ಕೂವರೆ ಹೆಜ್ಜೆಗೆ ಕಂಬ ಬಂತು. “ಎಲ್ಲಾ ಒಂದ ಕಡಿ ಜಗ್ಗಿದ್ರ ಆರು. ದಿಕ್ಕು ಬ್ಯಾರೆ ಅದಾವ, ಅದಕ್ಕ ನಾಕೂವರಿ.” ಆಮೇಲೆ ಕೋಲಿಗೆ ಹುರಿ ಕಟ್ಟಿ, ಕಂಬದ ಬುಡಕ್ಕೆ ತಾಗಿಸಿ, ಅದೇ ಗೆರೆಯಲ್ಲಿ ಕಂಬದ ಹಿಂದಕ್ಕೆ ಎಳೆದರು. ಹುರಿ ಕಲ್ಲೇಶನ ಗುರುತಿನಿಂದ ನಾಲ್ಕಡಿ ಆಚೆ, ಗೋಡೆಯ ಮೂಲೆಗೆ ಹೋಯಿತು. ಬಾಗಿಲು ತೆರವಾಗಿತ್ತು.

ಸ್ಟೇಯನ್ನು ಅಲ್ಲೇ ಬಿಗಿದರು. ಒಂದು ಮಳೆಗಾಲ ಕಳೆದರೂ ಕಂಬ ನೆಟ್ಟಗಿದೆ.

ಈ ಲೆಕ್ಕ ಸುಭಾನಸಾಬರಿಗೆ ಬಂದದ್ದು ಹುಡುಗರಾಗಿ ಕಲಿಯುವಾಗ, ಬಾಗಲಕೋಟೆಯ ಐಟಿಐ ಅಂಗಳದಲ್ಲಿ. ಪಾಂಡಪ್ಪ ಸರ್ ಒಂದು ಕಬ್ಬಿಣದ ಬಳೆಗೆ, ಒಂದು ಪೂರ್ವಕ್ಕೆ ಒಂದು ಉತ್ತರಕ್ಕೆ ಎಳೆಯುವಂತೆ, ಎರಡು ಹಗ್ಗ ಕಟ್ಟಿ, ಒಂದನ್ನು ನಾಲ್ವರ, ಇನ್ನೊಂದನ್ನು ಇಬ್ಬರ ಕೈಗೆ ಕೊಟ್ಟಿದ್ದರು. ಬಳೆ ನಾಲ್ವರ ಕಡೆಗೇ ಹೆಚ್ಚು ವಾಲಿ ಸಾಗಿತು. ಇಬ್ಬರ ಹಗ್ಗ ಹಿಡಿದಿದ್ದ ಸುಭಾನಸಾಬ ಬಿದ್ದು ಮೊಣಕಾಲು ತರಚಿಕೊಂಡರು.

ಸೈಕಲ್ ಸರಾಗವಾಗಿ ಹೊರಬಂದ ದಿನ ಅಬೇದಾ ಶೇಂಗಾ ಹೋಳಿಗೆ ಕಟ್ಟಿಕೊಟ್ಟರು. “ಇದು ನನಗ ಸಲ್ಲೂದಲ್ಲ ಯವ್ವಾ, ಕಲಿಸಿದವ್ರಿಗೆ ಸಲ್ಲೂದು,” ಎಂದು ಸುಭಾನಸಾಬ ಗಂಟು ಹಿಡಿದು ಬಾಗಲಕೋಟೆಯ ಬಸ್ಸು ಹತ್ತಿದರು.

ನಿವೃತ್ತರಾದ ಪಾಂಡಪ್ಪ ಸರ್ ಎಲ್ಲ ಕೇಳಿದರು. ಗಂಟು ಬಿಚ್ಚಲಿಲ್ಲ.

“ಆರೂ ತಂತಿ ಒಂದ ನಮೂನಿ, ಒಂದ ಬಿಗಿ ಇದ್ದೂ ಇಲ್ಲೋ? ಇಲ್ಲಂದ್ರ ತಂತಿಗೊಂದು ಹೆಜ್ಜಿ ಹೆಂಗ ಆಗ್ತೈತಿ?”

“ಅದನ್ನ ನೋಡೇ ನಡದೇನ್ರಿ ಸರ.”

ಸರ್ ಆಗ ಹೋಳಿಗೆ ಮುರಿದು, ಅರ್ಧ ಅವರ ಕೈಗಿಟ್ಟರು.