ಮಾಸ್ತರ ನೀಲಿ ಅಂಗಿ

ಮಸ್ಕಿಯ ನಮ್ಮ ಶಾಲೆಯ ಇಂಗ್ಲಿಷ್ ಮಾಸ್ತರು ಟಾಲ್, ಟಾಲರ್, ಟಾಲೆಸ್ಟ್ ಕಲಿಸಲು ನಮ್ಮಲ್ಲಿ ಮೂವರನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ವೀಕ್ ಎಂಬ ಪದ ಬಂದರೆ ಮುರುಕು ಕುರ್ಚಿಯನ್ನೂ, ಡರ್ಟಿ ಬಂದರೆ ಬೋರ್ಡು ಒರೆಸುವ ಬಟ್ಟೆಯನ್ನೂ ತೋರಿಸುತ್ತಿದ್ದರು. "ಒಳ್ಳೇದಕ್ಕ ಮಕ್ಕಳು, ಕೆಟ್ಟದ್ದಕ್ಕ ಸಾಮಾನು" ಎನ್ನುವುದು ಅವರ ಮಾತು.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು, "ಈ ಕ್ಲಾಸಿನಾಗ ಡರ್ಟಿಯೆಸ್ಟ್ ಯಾರು?" ಎಂದು ಕೇಳಿದರು. ಬಳಗಾನೂರಿನಲ್ಲಿ ಅವ್ವನ ಜೊತೆ ಭತ್ತ ನಾಟಿ ಮಾಡಿ ಬಂದಿದ್ದ ನನ್ನ ಲಂಗದ ತುಂಬ ಕೆಸರು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ.

ಮಾಸ್ತರು ಬೋರ್ಡು ಒರೆಸುವ ಬಟ್ಟೆ ತೆಗೆದುಕೊಂಡು, ಅವತ್ತಿಗೆಂದೇ ಇಸ್ತ್ರಿ ಮಾಡಿಸಿದ್ದ ತಮ್ಮ ನೀಲಿ ಅಂಗಿಯ ಎದೆಗೆ ಸೀಮೆಸುಣ್ಣದ ಧೂಳು ಮೆತ್ತಿ ಬೆಳ್ಳಗಾಗುವಂತೆ ತಿಕ್ಕಿಕೊಂಡರು. ಆಮೇಲೆ ಸಾಹೇಬರ ಮುಂದೆ ಹೋಗಿ ನಿಂತರು.

"ನಾನೇರಿ ಸಾಹೇಬ್ರ. ಮುಂದಿನ ಪದ ಕೇಳ್ರಿ."