ಬಟ್ಟೆಗಂಟಿನ ನಂಬರು

ನಮ್ಮತ್ತೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷದಿಂದ ಒಂದೇ ಒಂದು ಬನಿಯನ್ ಕೂಡ ಅದಲುಬದಲಾಗಿಲ್ಲ. ಇದು ಸುಮ್ಮನೆ ಹೊಗಳಿಕೆಯಲ್ಲ, ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ಅಂಗಡಿ ಎಂದರೆ ಏನು, ಎರಡು ಕಲ್ಲಿನ ತೊಟ್ಟಿ, ಒಂದು ನಡುಗುವ ಮೆಷಿನ್ನು, ಉದ್ದನೆಯ ಇಸ್ತ್ರಿ ಮೇಜು, ತಲೆಗೆ ತಾಗುವ ಹಗ್ಗಗಳು, ಅಷ್ಟೆ. ಆದರೆ ಅಲ್ಲಿ ಒಂದು ಕಾನೂನಿದೆ: ಒಂದು ಮನೆಗೆ ಒಂದು ನಂಬರು. ಕಾಲರಿನ ಒಳಗೆ, ಸೊಂಟದ ಪಟ್ಟಿಯ ಹಿಂದೆ, ಒಗೆದರೂ ಹೋಗದ ಶಾಯಿಯಲ್ಲಿ ಬರೆಯುತ್ತಾಳೆ. ಗಂಡ ಹೆಂಡತಿ ಮಾತು ಬಿಟ್ಟು ವರ್ಷವಾಗಿದ್ದರೂ ಬಟ್ಟೆಗಂಟು ಒಂದೇ, ನಂಬರೂ ಒಂದೇ. ಯಾರಾದರೂ ಬಂದು ನನಗೆ ಬೇರೆ ನಂಬರು ಕೊಡಿ ಎಂದರೆ ಆ ಮನೆ ಒಡೆಯಿತು ಎಂದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅತ್ತೆಗೆ. ಅವಳು ಯಾರ ಹತ್ತಿರವೂ ತುಟಿ ಬಿಚ್ಚುವುದಿಲ್ಲ.

ತನ್ನ ವಿಷಯವನ್ನು ಮಾತ್ರ ಅವಳು ಯಾವತ್ತೂ ಮುಚ್ಚಿಟ್ಟಿಲ್ಲ. ಮದುವೆಯಾಗಿಲ್ಲ, ಮಗಳಿದ್ದಾಳೆ. ಮಗಳಿಗೆ ಹತ್ತೊಂಬತ್ತು, ನರ್ಸಿಂಗ್ ಓದುತ್ತಿದ್ದಾಳೆ. ಮಗಳ ಅಪ್ಪ ಮೂರು ಬೀದಿ ಆಚೆ ಸೈಕಲ್ ರಿಪೇರಿ ಮಾಡುತ್ತಾನೆ. ಮದುವೆ ಮಾತು ಎತ್ತಿದಾಗ ಊರು ಬಿಟ್ಟು ಓಡಿದವನು ಆರು ವರ್ಷ ಬಿಟ್ಟು ಬೇರೆ ಹೆಂಡತಿಯ ಜೊತೆ ವಾಪಸ್ಸು ಬಂದ. ಅವನ ಮನೆಯ ಬಟ್ಟೆಯೂ ಅತ್ತೆಯ ಅಂಗಡಿಗೇ ಬರುತ್ತದೆ. ಅದಕ್ಕೂ ಒಂದು ನಂಬರಿದೆ.

ಗಲಾಟೆ ಶುರುವಾದದ್ದು ದೊಡ್ಡಪ್ಪನಿಂದ. ಅತ್ತೆಗೆ ಸ್ವಂತ ಅಣ್ಣ, ಮನೆ ಕಟ್ಟಿಸಿಕೊಡುವ ಕಂಟ್ರಾಕ್ಟರು, ಮನೆತನದ ಮಾತು ಬಂದರೆ ಎದೆ ಎರಡು ಗೇಣು ಮುಂದೆ ಬರುತ್ತದೆ. ನಮ್ಮವರು ಹಡಗಿನಲ್ಲಿ ಈ ದೇಶಕ್ಕೆ ಬಂದು ನೂರು ವರ್ಷವಾಯಿತೆಂದು ನೆಂಟರನ್ನೆಲ್ಲ ಕರೆದು, ತನ್ನ ನಡುಮನೆಯಲ್ಲಿ ದೊಡ್ಡ ಮರದ ಹಲಗೆಯ ಮೇಲೆ ವಂಶವೃಕ್ಷ ಬರೆಸಿ ತೂಗುಹಾಕುವುದು ಅವನ ಪ್ಲಾನು. ಎಲ್ಲಕ್ಕಿಂತ ಮೇಲೆ ಮುತ್ತಜ್ಜ, ಅಂದರೆ ಹಡಗಿನಲ್ಲಿ ಬಂದ ಬಡಗಿ, ಪಕ್ಕದಲ್ಲಿ ಹೆಂಡತಿ. ಬಡಗಿ ಬಂದ ವರ್ಷವೇ ಜ್ವರದಲ್ಲಿ ತೀರಿಹೋದನಂತೆ. ಈ ಕಥೆಯನ್ನು ದೊಡ್ಡಪ್ಪ ಪ್ರತಿ ಸಮಾರಂಭದಲ್ಲೂ ಹೇಳುತ್ತಿದ್ದ, ಹೇಳಿದ ಹಾಗೆಲ್ಲ ಜ್ವರ ಏರುತ್ತಿತ್ತು.

ಕಾಗದದ ಮೇಲೆ ಬರೆದ ನಕ್ಷೆಯನ್ನು ಅವನು ಲಾಂಡ್ರಿಗೆ ತಂದು ತೋರಿಸಿದ. ಕೆಳಗೆ ಅತ್ತೆಯ ಪಕ್ಕ ಒಂದು ಚೌಕ, ಒಳಗೆ "ದಿವಂಗತ" ಎಂದು ಬರೆದಿತ್ತು.

"ಯಾರಣ್ಣ ಇದು ಸತ್ತಿರೋದು?" ಎಂದಳು ಅತ್ತೆ.

"ಸುಮ್ನಿರೇ. ನಾಳೆ ಹುಡುಗಿಗೆ ಒಂದು ಸಂಬಂಧ ಬರೋದು ಬೇಡ್ವಾ."

"ನಿನ್ನೆ ತಾನೇ ಅವನ ಮೂರು ಪ್ಯಾಂಟ್ ಒಗೆದಿದೀನಿ. ಸತ್ತೋನು ಅಷ್ಟೊಂದು ಗ್ರೀಸ್ ಮಾಡ್ಕೊಳಲ್ಲ."

ದೊಡ್ಡಪ್ಪನಿಗೆ ನಗು ಬರಲಿಲ್ಲ. ಇದನ್ನು ಒಪ್ಪದಿದ್ದರೆ ನೀನೂ ನಿನ್ನ ಮಗಳೂ ಹಲಗೆಯ ಮೇಲೆ ಇರುವುದಿಲ್ಲ ಎಂದುಬಿಟ್ಟ. "ನಮ್ಮ ಮನೆತನದಲ್ಲಿ ಇಂಥದ್ದು ಇರಲಿಲ್ಲ. ಶುರು ಮಾಡಿದೋಳು ನೀನು. ಬೇಕಾದ್ರೆ ಬಂದರಿನ ಪುಸ್ತಕ ನೋಡ್ಕೊ, ಚರ್ಚಿನ ಪುಸ್ತಕ ನೋಡ್ಕೊ."

ಬೇರೆ ಯಾರಾದರೂ ಅತ್ತುಬಿಡುತ್ತಿದ್ದರು. ಅತ್ತೆ ಸೋಮವಾರ ಅಂಗಡಿಗೆ ಬೀಗ ಹಾಕಿ, ನನ್ನನ್ನು ಜೊತೆಗೆ ಕರೆದುಕೊಂಡು ಸೀದಾ ಬಂದರಿನ ಹಳೇ ಕಟ್ಟಡಕ್ಕೆ ಹೋದಳು.

ಎರಡನೇ ಮಹಡಿಯಲ್ಲಿ ವಲಸೆ ಬಂದವರ ರಿಜಿಸ್ಟರುಗಳಿವೆ. ಒಂದೊಂದೂ ಇಸ್ತ್ರಿ ಮೇಜಿನ ಅಗಲ. ಹಡಗಿನ ಹೆಸರು, ತಿಂಗಳು ಹೇಳಿದ ಮೇಲೆ ಅಲ್ಲಿನ ಗುಮಾಸ್ತ ಒಂದು ಪುಸ್ತಕ ಎತ್ತಿ ತಂದ. ಬಡಗಿ ಸಿಕ್ಕಿದ. ಅವನ ಕೆಳಗಿನ ಸಾಲಿನಲ್ಲೇ ಮುತ್ತಜ್ಜಿ, ಮುಂದೆ "ಹೆಂಡತಿ" ಎಂದು ಸ್ಪಷ್ಟವಾಗಿ ಬರೆದಿತ್ತು. ನನ್ನ ಮುಖ ಇಳಿದುಹೋಯಿತು. ಅತ್ತೆ ಮಾತ್ರ ಪುಟದ ಬಲತುದಿಯಲ್ಲಿದ್ದ ಸಣ್ಣ ಕಾಲಮ್ಮಿನ ಮೇಲೆ ಕಣ್ಣಿಟ್ಟು ಇದೇನು ಎಂದು ಕೇಳಿದಳು.

ಗುಮಾಸ್ತ ಅದನ್ನು ಯಾರೂ ನೋಡುವುದಿಲ್ಲ ಎಂದ. ಆಗೆಲ್ಲ ಹಡಗಿನಿಂದ ಇಳಿಸುವ ಮೊದಲು ರೋಗದ ಭಯಕ್ಕೆ ಎಲ್ಲರ ಬಟ್ಟೆಯನ್ನೂ ಹಬೆಯಲ್ಲಿ ಬೇಯಿಸುತ್ತಿದ್ದರಂತೆ. ವಾಪಸ್ಸು ಕೊಡಲು ಗುರುತಿಗೆ ಬಟ್ಟೆಗಂಟಿನ ನಂಬರು.

ಬಡಗಿಗೆ ನಲವತ್ತೊಂದು. ಮುತ್ತಜ್ಜಿಗೆ ಎಂಬತ್ತಾರು.

ಅತ್ತೆ ಮೊದಲ ಪುಟಕ್ಕೆ ಹೋಗಿ, ಗಂಡ ಹೆಂಡತಿ ಎಂದು ಬರೆದ ಪ್ರತಿಯೊಂದು ಜೋಡಿಯನ್ನೂ ಬೆರಳಿಟ್ಟು ನೋಡುತ್ತ ಬಂದಳು. ಎಲ್ಲ ಜೋಡಿಗೂ ಒಂದೇ ನಂಬರು. ಎರಡು ನಂಬರು ಇದ್ದದ್ದು ಇವರಿಗೆ ಮಾತ್ರ.

"ಇವಳು ಅವನ ಹೆಂಡ್ತಿ ಅಲ್ಲ," ಎಂದಳು. "ಹಡಗಾದ್ರೇನು, ನೆಲ ಆದ್ರೇನು, ಗಂಡನ ಚಡ್ಡಿ ಹೆಂಡ್ತಿ ಗಂಟಲ್ಲೇ ಇರತ್ತೆ."

ಗುಮಾಸ್ತ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಆ ಕಾಲದಲ್ಲಿ ಒಂಟಿ ಹೆಂಗಸನ್ನು ಇಳಿಯಲು ಬಿಡುತ್ತಿರಲಿಲ್ಲ, ಬಂದ ಹಡಗಿನಲ್ಲೇ ವಾಪಸ್ಸು ಕಳಿಸುತ್ತಿದ್ದರು, ಹಾಗಾಗಿ ಕೆಲವರು ಸಾಲಿನಲ್ಲಿ ಮುಂದೆ ನಿಂತವನನ್ನೇ ಗಂಡ ಎಂದು ಹೇಳಿ ದಾಟುತ್ತಿದ್ದರು ಎಂದ. ಆದರೆ ಗಂಟಿನ ಸಾಕ್ಷಿ ಕಚೇರಿಯಲ್ಲಿ ನಡೆಯುವುದಿಲ್ಲ, ಚರ್ಚಿನಲ್ಲಿ ನೋಡಿ ಎಂದು ಆ ಪುಟದ ನಕಲು ಕೊಟ್ಟ.

ಚರ್ಚಿನ ಹಿಂದಿನ ಕೋಣೆಯಲ್ಲಿ ಪುಸ್ತಕ ಕಾಯುವ ತಾತನೊಬ್ಬ ಇದ್ದಾನೆ. ಬಿಳಿ ಕೈಗವಸು ಹಾಕದೆ ಯಾರಿಗೂ ಪುಟ ಮುಟ್ಟಲು ಕೊಡುವವನಲ್ಲ. ಅತ್ತೆ ಆ ಕೈಗವಸುಗಳನ್ನು ನೋಡಿ ಮೂಗು ಮುರಿದು, ಇವನ್ನು ಹಾಕಿಕೊಂಡರೇ ಪುಸ್ತಕ ಕೊಳೆಯಾಗುತ್ತದೆ ಎಂದಳು. ತಾತ ಸಿಡುಕಿದ. ಆದರೂ ಹುಡುಕಿಕೊಟ್ಟ.

ಮೊದಲು ಸಿಕ್ಕಿದ್ದು ಮದುವೆಯ ಪುಸ್ತಕ. ಜ್ವರದಲ್ಲಿ ಸತ್ತುಹೋಗಬೇಕಿದ್ದ ನಮ್ಮ ಬಡಗಿ ಇಳಿದ ನಾಲ್ಕೇ ತಿಂಗಳಿಗೆ ಬೇರೊಬ್ಬಳನ್ನು ಮದುವೆಯಾಗಿದ್ದ. ಮೊದಲು ಮದುವೆಯಾಗಿತ್ತೇ ಎಂಬ ಕಡೆ "ಇಲ್ಲ" ಎಂದಿತ್ತು. ಕೆಳಗೆ ಸಾಕ್ಷಿಯ ಹೆಬ್ಬೆಟ್ಟಿನ ಪಕ್ಕ ಯಾರ ಹೆಸರಿತ್ತು ಗೊತ್ತಾ, ನಮ್ಮ ಮುತ್ತಜ್ಜಿಯದು. ಅತ್ತೆ ನಕ್ಕುಬಿಟ್ಟಳು.

ಆಮೇಲೆ ದೀಕ್ಷಾಸ್ನಾನದ ಪುಸ್ತಕ. ಮುಂದಿನ ವರ್ಷ ಒಂದು ಗಂಡುಮಗು, ಅದು ಅತ್ತೆಯ ಅಜ್ಜ. ತಾಯಿ, ಹಗ್ಗದ ಕಾರ್ಖಾನೆಯ ಕೂಲಿ. ತಂದೆ ಎಂಬ ಕಡೆ ಒಂದು ಅಡ್ಡಗೀಟು.

ಅತ್ತೆ ಆ ಗೀಟಿನ ಮೇಲೆ ಕೈಗವಸಿನ ಬೆರಳಿಟ್ಟಳು. ತಾತ ಸಮಾಧಾನಕ್ಕೆ ಏನೋ ಹೇಳಹೊರಟ. "ಅಯ್ಯೋ ಪಾಪ ಅನ್ಬೇಡಿ ತಾತ," ಎಂದಳು. "ನೂರು ವರ್ಷದ ಹಿಂದೆ, ಒಬ್ಬಳೇ, ಸಮುದ್ರ ದಾಟಿ ಬಂದು ಸಾಕಿದಾಳೆ. ಇದರ ನಕಲಿಗೆ ಠಸ್ಸೆ ಹೊಡೆದು ಕೊಡಿ."

ಠಸ್ಸೆ ಹೊಡೆದ ನಕಲುಗಳನ್ನು ಓದಿದ ದೊಡ್ಡಪ್ಪ ಅವನ್ನು ಮಡಚಿ ಪಕ್ಕಕ್ಕಿಟ್ಟ. ಆಮೇಲೆ ದನಿ ಇಳಿಸಿ ರಾಜಿಗೆ ಬಂದ. ನಿನ್ನ ಪಕ್ಕದ ಚೌಕ ಖಾಲಿ ಬಿಡಿಸುತ್ತೇನೆ, ಮೇಲಿನ ಬಡಗಿ ಮಾತ್ರ ಹಾಗೇ ಇರಲಿ, ಸತ್ತವರ ಮಾತು ಯಾಕೆ ಎಂದ. ಅತ್ತೆ ಮಗಳ ಕಡೆ ನೋಡಿದಳು.

"ಬೇಡಮ್ಮ," ಎಂದಳು ಮಗಳು. "ನಮ್ಮನ್ನ ಸುಮ್ನೆ ಬಿಟ್ಟು ಆ ಮುತ್ತಜ್ಜಿಗೆ ಗಂಡನ್ನ ಅಂಟಿಸ್ತಾರೆ. ಅವಳೊಬ್ಬಳೇ ಇರೋದಾದ್ರೆ ಹಲಗೆ ಮೇಲೆ ನಾವೂ ಇರ್ತೀವಿ."

ದೊಡ್ಡಪ್ಪ ಸಿಟ್ಟಿಗೆದ್ದ, ಆದರೂ ತಂಗಿಯನ್ನು ಕೈಬಿಟ್ಟರೆ ನೆಂಟರು ಯಾಕೆ ಎಂದು ಕೇಳುತ್ತಾರೆಂದು ಮೊದಲಿನ ಹಾಗೇ ಬರೆಸಿದ, "ದಿವಂಗತ" ಸಮೇತ. ನಾಲ್ಕು ಜನರ ಮುಂದೆ ಬಾಯಿಬಿಡಲಾರಳು ಎಂದುಕೊಂಡಿರಬೇಕು. ತನ್ನ ತಂಗಿಯನ್ನು ಅವನು ನೋಡೇ ಇಲ್ಲ ಅನಿಸುತ್ತದೆ.

ಸಮಾರಂಭದ ದಿನ ನಡುಮನೆಯ ತುಂಬ ನೆಂಟರು, ನಲವತ್ತು ಜನಕ್ಕೆ ಕಮ್ಮಿಯಿಲ್ಲ. ಪೇಂಟರು ಹಲಗೆ ಮುಗಿಸಿದ್ದು ಆ ಬೆಳಿಗ್ಗೆಯೇ, ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ದೊಡ್ಡಪ್ಪ ಕಥೆ ಹೇಳುತ್ತ ಬಡಗಿಯ ಜ್ವರಕ್ಕೆ ಬರುವಷ್ಟರಲ್ಲಿ ಅತ್ತೆ ಎದ್ದು, ನಕಲುಗಳನ್ನು ಎದುರಿಗಿದ್ದವರ ಕೈಗೆ ಕೊಟ್ಟು, ನಂಬರಿನಿಂದ ಹಿಡಿದು ಅಡ್ಡಗೀಟಿನವರೆಗೆ ಎಲ್ಲವನ್ನೂ ಹೇಳಿದಳು. ಕಾಗದ ಕೈಯಿಂದ ಕೈಗೆ ಹೋಯಿತು. ದೊಡ್ಡಪ್ಪ ಕೂತ್ಕೋ ಎಂದ. ಅವಳು ಕೂರಲಿಲ್ಲ. ಚೀಲದಿಂದ ಟರ್ಪೆಂಟೈನ್ ಬಾಟಲಿ, ಒಂದು ಬಿಳೀ ಬಟ್ಟೆ ತೆಗೆದು ಕುರ್ಚಿ ಹತ್ತಿದಳು. ಪಕ್ಕದ ಅಕ್ಷರಕ್ಕೆ ಒಂದು ಹನಿಯೂ ತಾಗದ ಹಾಗೆ, ರೇಷ್ಮೆಯ ಮೇಲಿನ ಕಲೆ ತೆಗೆದ ಹಾಗೆ, ಬಡಗಿಯನ್ನು ಒರೆಸಿದಳು. ಕೆಳಗಿಳಿದು "ದಿವಂಗತ"ವನ್ನೂ ಒರೆಸಿದಳು.

"ನಾಳೆನೇ ಪೇಂಟರ್ ಕರೆಸಿ ಮತ್ತೆ ಬರೆಸ್ತೀನಿ," ಎಂದ ದೊಡ್ಡಪ್ಪ.

"ಬರೆಸಣ್ಣ. ಆದ್ರೆ ಈಗ, ಇಷ್ಟು ಜನ ಇರೋವಾಗ, ಈ ಮುತ್ತಜ್ಜಿ ಗಂಡ ಯಾರು ಅಂತ ನಿನ್ನ ಬಾಯಿಂದ ಹೇಳು. ಆಮೇಲೆ ಬರೆಸು."

ನಲವತ್ತು ಮುಖಗಳು ಅವನ ಕಡೆ ತಿರುಗಿದವು. ದೊಡ್ಡಪ್ಪ ಊಟ ಆರಿಹೋಗುತ್ತದೆ ಎಂದು ಗೊಣಗಿ ಒಳಗೆ ನಡೆದ. ಪೇಂಟರನ್ನು ಇವತ್ತಿಗೂ ಕರೆಸಿಲ್ಲ.

ಅತ್ತೆ ಎದ್ದು ಹೋಗುತ್ತಾಳೆ ಎಂದು ಕೆಲವರು ಕಾದರು. ಅವಳು ಕೈ ತೊಳೆದುಕೊಂಡು ಬಂದು, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಲಗೆಯ ಎದುರಿಗೇ ಕೂತು ಎರಡೆರಡು ಸಲ ಬಡಿಸಿಕೊಂಡು ಉಂಡಳು.