ಏಳನೇ ತೇಲುಬುರುಡೆಯ ಸದ್ದು

ಬೆಳಗಿನ ಐದು ಗಂಟೆ. ಡೊಂಗ್‌ಗಾಂಗ್ ಮೀನುಗಾರಿಕೆ ಬಂದರಿನ ಐಸ್ ಕಾರ್ಖಾನೆಯ ಹಿಂದಿನ ಪುಟ್ಟ ಅಂಗಡಿಯಲ್ಲಿ ಹುಂಗ್ ಪಿ-ಲಿಯೆನ್ ಬಳೆಯಾಕಾರದ ಆಂಟೆನಾ ತಿರುಗಿಸುತ್ತಿದ್ದಾರೆ. ಬಲಗಿವಿಯಲ್ಲಿ ಹೆಡ್‌ಫೋನ್. ಬೀಪ್ ಸದ್ದು ಸಣ್ಣಗಾಗುತ್ತಾ ಪೂರ್ತಿ ಅಡಗುತ್ತದೆ. "ಹಾಂ, ಸಿಕ್ತು" ಎನ್ನುತ್ತಾರೆ. ಸದ್ದು ಅಡಗಿದಾಗ ಬಳೆ ಮುಖ ಮಾಡಿದ ಗೆರೆಯಲ್ಲೇ ತೇಲುಬುರುಡೆ ಇರುತ್ತದೆ.

ಟ್ಯೂನಾ ದೋಣಿಗಳು ಸಮುದ್ರದಲ್ಲಿ ಬಿಟ್ಟುಬರುವ ಮೈಲಿಗಟ್ಟಲೆ ಗಾಳದ ಹಗ್ಗವನ್ನು ಮರಳಿ ಹುಡುಕುವುದು ಅದಕ್ಕೆ ಕಟ್ಟಿದ ಈ ರೇಡಿಯೊ ತೇಲುಬುರುಡೆಗಳ ಸದ್ದಿನಿಂದ. ಐವತ್ತೊಂಬತ್ತರ ಪಿ-ಲಿಯೆನ್ ತಿಂಗಳಿಗೆ ಎಂಬತ್ತು ರಿಪೇರಿ ಮಾಡುತ್ತಾರೆ. ಲೆಕ್ಕ ತಪ್ಪಬಾರದೆಂದು ಎರಡು ಸಲ ಕೇಳಿದೆ, ಎಂಬತ್ತೇ. ಗಂಡ ತೀರಿಕೊಂಡ ಮೇಲೆ ಕಲಿತ ಕೆಲಸ. ಎಡಗಿವಿ ಬಾಲ್ಯದಿಂದಲೂ ಕೇಳಿಸದು. 'ಒಂಟಿಗಿವಿ ಅಕ್ಕ' ಎಂಬ ಹೆಸರು ಬಂದದ್ದು ಹಾಗೆ.

"ಎರಡು ಕಿವಿ ಇದ್ದೋರು ಹಗ್ಗ ಕಳ್ಕೊಂಡು ನನ್ನ ಹತ್ರಾನೇ ಬರ್ತಾರಲ್ಲ!" ಎಂದು ನಗುತ್ತಾರೆ.

ಕಳೆದ ಏಪ್ರಿಲ್‌ನ ಒಂದು ಮುಂಜಾನೆ ಕ್ಯಾಪ್ಟನ್ ಚ್ವಾಂಗ್‌ನ ದೋಣಿಯಿಂದ ಇಂಡೋನೇಷ್ಯಾದ ಕೆಲಸಗಾರ ಸುಗೆಂಗ್ ನೀರಿಗೆ ಬಿದ್ದ. ಉಳಿದವರಿಗೆ ಗೊತ್ತಾದದ್ದು ಒಂದು ಗಂಟೆಯ ಬಳಿಕ. ಅಲೆಗಳ ನಡುವಿನ ಒಂದು ತಲೆ ರೇಡಾರ್ ಪರದೆಯಲ್ಲಿ ಕಾಣುವುದಿಲ್ಲ. ರೇಡಿಯೊದಲ್ಲಿ ಕೂಗಾಟ ಕೇಳಿದ ಪಿ-ಲಿಯೆನ್, ಆ ದೋಣಿಯ ಹನ್ನೆರಡೂ ಬುರುಡೆಗಳಿಗೆ ಒಂದೊಂದಾಗಿ ಕಿವಿಗೊಟ್ಟರು. ಏಳನೆಯದು ತಡೆತಡೆದು ಕೂಗುತ್ತಿತ್ತು.

"ಚ್ವಾಂಗ್, ಏಳನೇದು ಕೇಳ್ತಿದ್ಯಾ?"

"ಅದರ ಬ್ಯಾಟರಿ ಸಾಯ್ತಿದೆ ಅಕ್ಕ, ಬಿಟ್ಟಾಕಿ! ಇಲ್ಲಿ ಮನುಷ್ಯನ್ನ ಹುಡುಕ್ತಿದೀವಿ!"

"ಮೊನ್ನೆ ನಾನೇ ಹೊಸ ಬ್ಯಾಟರಿ ಹಾಕಿದೀನಿ ಕಣೋ. ಅದು ಸಾಯಲ್ಲ. ಯಾರೋ ಅದರ ಆಂಟೆನಾನ ಮುಳುಗಿಸಿ ಎತ್ತುತ್ತಿದಾರೆ. ದೋಣಿ ತಿರುಗಿಸು!"

ದೋಣಿಯಲ್ಲಿನ ಬಳೆಯೂ ಗೆರೆಯನ್ನಷ್ಟೇ ತೋರಿಸುತ್ತದೆ. ಎದುರೋ ಹಿಂದೋ ಹೇಳುವುದಿಲ್ಲ. ಪಿ-ಲಿಯೆನ್ ದಡದಿಂದ ಇನ್ನೊಂದು ಗೆರೆ ಹಿಡಿದರು. ಎರಡೂ ಗೆರೆ ಕೂಡಿದ್ದು ದೋಣಿಯ ಹಿಂದೆ, ದಕ್ಷಿಣಕ್ಕೆ.

ನಲವತ್ತು ನಿಮಿಷದಲ್ಲಿ ಚ್ವಾಂಗ್‌ನ ಧ್ವನಿ ಬಂತು: "ಸಿಕ್ಕ! ಅಕ್ಕ, ಸಿಕ್ಕ! ಬುರುಡೆ ತಬ್ಬಿಕೊಂಡಿದಾನೆ!" ದೋಣಿ ಮರಳಿದಾಗ ಬಂದರಿನ ತುಂಬಾ ಪಟಾಕಿ.

ಈಗ ಸುಗೆಂಗ್ ದಡದಲ್ಲಿದ್ದಾಗಲೆಲ್ಲ ಬೆಳಿಗ್ಗೆ ಬಿಸಿ ಸೋಯಾ ಹಾಲು ತಂದು ಮೇಜಿನ ಮೇಲಿಡುತ್ತಾನೆ. ಇಂದೂ ಇಟ್ಟಿದ್ದಾನೆ. ಯಾರಾದರೂ ಸನ್ಮಾನದ ಮಾತೆತ್ತಿದರೆ ಪಿ-ಲಿಯೆನ್ ಕೈಯಲ್ಲಿನ ಬುರುಡೆಯ ಮುಚ್ಚಳ ಬಿಗಿಯುತ್ತಲೇ ಹೇಳುತ್ತಾರೆ:

"ಹಾರ ಗೀರ ಬೇಡಪ್ಪ. ಇನ್ಮೇಲೆ ಬ್ಯಾಟರಿ ಸಾಯ್ತಿದೆ ಅನ್ನೋಕೆ ಮುಂಚೆ, ಅದನ್ನ ಹಾಕಿದ್ದು ಯಾರು ಅಂತ ಆ ಚ್ವಾಂಗ್ ಒಂದ್ಸಲ ಕೇಳ್ಲಿ. ಅಷ್ಟು ಸಾಕು."